ಒಂದೇ ಕಚೇರಿ, ಮೂರು ಸಂಬಳ

ನಾನು ಕೆಲಸ ಮಾಡುತ್ತಿದ್ದ ನಗರಸಭೆಯಲ್ಲಿ ತಿಂಗಳ ಕೊನೆ ಬಂತೆಂದರೆ ಮೊಬೈಲುಗಳು ಒಂದೊಂದಾಗಿ 'ಟಿಣ್' ಎನ್ನುತ್ತಿದ್ದವು. ಮೊದಲು ನನ್ನ ಪಕ್ಕದ ಟೇಬಲ್ಲಿನ ದ್ವಿತೀಯ ದರ್ಜೆ ಸಹಾಯಕ ಸರ್ ಅವರದು. ಆಮೇಲೆ ಬೆಳಿಗ್ಗೆ ಹಾಜರಿ ಹಾಕಲು ಬರುತ್ತಿದ್ದ ಪೌರಕಾರ್ಮಿಕ ಅಕ್ಕನದು. ಕೊನೆಗೆ, ಕೆಲವೊಮ್ಮೆ ಮುಂದಿನ ತಿಂಗಳ ಇಪ್ಪತ್ತನೇ ತಾರೀಖಿಗೆ, ನನ್ನದು. ನಾನು ಹೊರಗುತ್ತಿಗೆ ಡಾಟಾ ಎಂಟ್ರಿ ಆಪರೇಟರ್. ನನಗೆ ಸಂಬಳ ಕೊಡುತ್ತಿದ್ದದ್ದು ನಗರಸಭೆಯಲ್ಲ, ನಾನು ಒಮ್ಮೆಯೂ ಬಾಗಿಲು ನೋಡದ ಒಂದು ಏಜೆನ್ಸಿ.

ಬಿ.ಕಾಂ. ಮುಗಿಸಿ ಒಂದು ವರ್ಷ ಪರೀಕ್ಷೆಗಳಿಗೆ ಓದುತ್ತಾ ಮನೆಯಲ್ಲಿದ್ದ ನನಗೆ 2023ರ ಆಗಸ್ಟ್‌ನಲ್ಲಿ ಈ ಕೆಲಸ ಸಿಕ್ಕಿತು. ಅಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದರು. 'ಮಗಳಿಗೆ ಮುನ್ಸಿಪಾಲಿಟಿ ಆಫೀಸ್‌ನಾಗೆ ಕೆಲ್ಸ ಆಗೈತೆ' ಎಂದರೆ ಕೇಳಿದವರು 'ಸರ್ಕಾರಿ ಕೆಲ್ಸ ಅನ್ನಿ' ಎನ್ನುತ್ತಿದ್ದರು. ಅಮ್ಮ ತಿದ್ದುತ್ತಿರಲಿಲ್ಲ. ನಾನೂ ತಿದ್ದಲಿಲ್ಲ. ಟೈಲರಿಂಗ್ ಮಾಡಿ ನಮ್ಮಿಬ್ಬರನ್ನು ಓದಿಸಿದ ಅಮ್ಮನಿಗೆ ಅಷ್ಟಾದರೂ ಖುಷಿ ಇರಲಿ ಎನಿಸಿತ್ತು.

ಕಾಗದದ ಮೇಲೆ ನನ್ನ ಸಂಬಳ 16,000 ರೂಪಾಯಿ. ಪಿಎಫ್‌ಗೆ 1,800, ಇಎಸ್‌ಐಗೆ 120 ಕಳೆದು ಕೈಗೆ 14,080. ಅದರಲ್ಲಿ ಮನೆ ಬಾಡಿಗೆ, ತಮ್ಮನ ಡಿಪ್ಲೊಮಾ ಫೀಸು, ನನ್ನ ಬಸ್ ಪಾಸು. ಉಳಿದದ್ದು ಅಮ್ಮನ ಮಾತ್ರೆಗೆ.

ಕೆಲಸ ಮಾತ್ರ ಕಡಿಮೆ ಇರಲಿಲ್ಲ. ಆಸ್ತಿ ತೆರಿಗೆ ಚಲನ್, ಇ-ಖಾತಾ, ಜನನ-ಮರಣ ನೋಂದಣಿ ಎಲ್ಲವೂ ನನ್ನ ಕಂಪ್ಯೂಟರ್ ಮೂಲಕವೇ ಹೋಗಬೇಕು. ಏಪ್ರಿಲ್ ಬಂದರೆ ಶೇ 5ರ ರಿಯಾಯಿತಿಗಾಗಿ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬರುತ್ತಿತ್ತು. ಅಂಥ ಒಂದು ದಿನ ಸರ್ವರ್ ಕೈಕೊಟ್ಟಾಗ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೌಂಟರ್‌ಗೆ ಬಡಿದು, 'ನಿಮ್ಗೆಲ್ಲ ಸಂಬ್ಳ ಕೊಡೋದು ನಮ್ ತೆರಿಗೆ ದುಡ್ಡು ಕಣಮ್ಮಾ, ನೆನಪಿರ್ಲಿ' ಎಂದರು. ನಾನು ತಲೆ ತಗ್ಗಿಸಿದೆ. ಆದರೆ ಮಾತು ತಲೆಯೊಳಗೆ ಉಳಿಯಿತು. ಅವರ ದುಡ್ಡಿನಲ್ಲಿ ನನಗೆ ಬರುವುದೆಷ್ಟು? ಅದನ್ನು ನಿರ್ಧರಿಸಿದವರು ಯಾರು?

ಮೈಸೂರುಪಾಕು ಬಂದ ವಾರ

2024ರ ಜುಲೈ. ಏಳನೇ ರಾಜ್ಯ ವೇತನ ಆಯೋಗದ ಶಿಫಾರಸುಗಳನ್ನು ಆಗಸ್ಟ್ 1ರಿಂದ ಜಾರಿ ಮಾಡಲು ಸರ್ಕಾರ ಒಪ್ಪಿದ ಸುದ್ದಿ ಬಂದಾಗ ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ನನಗೂ ಒಂದು ತುಂಡು ಸಿಕ್ಕಿತು. ಅದೇ ವಾರ ತಮ್ಮನ ಫೀಸಿಗೆ ದುಡ್ಡು ಸಾಲದೆ, ಪಿಎಫ್‌ನಲ್ಲಿ ಸ್ವಲ್ಪ ತೆಗೆಯಬಹುದೇ ನೋಡೋಣವೆಂದು ಉಮಂಗ್ ಆ್ಯಪ್‌ನಲ್ಲಿ ನನ್ನ ಯುಎಎನ್ ಹಾಕಿದೆ. ಪಾಸ್‌ಬುಕ್ ತೆರೆಯಿತು. ಒಳಗೆ ಏನೂ ಇರಲಿಲ್ಲ.

ಹನ್ನೊಂದು ತಿಂಗಳು ನನ್ನ ಸಂಬಳದಿಂದ 1,800 ರೂಪಾಯಿ ಮುರಿದಿದ್ದರು. ಅಷ್ಟೇ ಮೊತ್ತವನ್ನು ಏಜೆನ್ಸಿಯೂ ಸೇರಿಸಿ ಕಟ್ಟಬೇಕಿತ್ತು. ತಿಂಗಳಿಗೆ 3,600ರಂತೆ ಒಟ್ಟು 39,600 ರೂಪಾಯಿ. ನನ್ನ ಜೊತೆಗಿದ್ದ ಇನ್ನೂ ಏಳು ಮಂದಿ ತಮ್ಮ ತಮ್ಮ ಪಾಸ್‌ಬುಕ್ ತೆರೆದು ನೋಡಿದರು. ಎಲ್ಲರದ್ದೂ ಖಾಲಿ.

ಸಂಜೆ ಈ ವಿಷಯ ಹೇಳಿದಾಗ ಪಕ್ಕದ ಟೇಬಲ್ಲಿನ ಸರ್ ಬೇಸರಪಟ್ಟುಕೊಂಡರು. ತಮ್ಮ ವೇತನ ಚೀಟಿ ತೆಗೆದು ತೋರಿಸಿ, 'ನೋಡಮ್ಮಾ, ಇದನ್ನ ಓದೋದು ಕಲ್ತ್ಕೊ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು, ಕಡಿತ ಎಷ್ಟು. ನಾಳೆ ನೀನೂ ಪರೀಕ್ಷೆ ಪಾಸಾಗ್ತೀಯ' ಎಂದರು. ನನ್ನ ವೇತನ ಚೀಟಿ ಹೇಗಿರುತ್ತದೆ ಎಂದು ಕೇಳಿದರು. ನನಗೆ ಒಮ್ಮೆಯೂ ಅದನ್ನು ಕೊಟ್ಟಿರಲಿಲ್ಲ.

ಲೆಕ್ಕ ಕಲಿತದ್ದು

ಅಲ್ಲಿಂದ ನನ್ನ ಹುಡುಕಾಟ ಶುರುವಾಯಿತು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಆಯೋಗಗಳ ಹೆಸರು, ಅಧ್ಯಕ್ಷರ ಹೆಸರು ಬಾಯಿಪಾಠ. ಏಳನೇ ರಾಜ್ಯ ವೇತನ ಆಯೋಗದ ಅಧ್ಯಕ್ಷರು ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ್ ರಾವ್, ರಚನೆಯಾದದ್ದು 2022ರ ನವೆಂಬರ್‌ನಲ್ಲಿ, ವರದಿ ಕೊಟ್ಟದ್ದು 2024ರ ಮಾರ್ಚ್‌ನಲ್ಲಿ. ಆದರೆ ಆ ವರದಿಯೊಳಗಿನ ಲೆಕ್ಕ ಯಾರ ಅಡುಗೆಮನೆಗೆ ಹೇಗೆ ಮುಟ್ಟುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಹಳೆಯ ಕನಿಷ್ಠ ಮೂಲ ವೇತನ 17,000 ರೂಪಾಯಿ. ಅದಕ್ಕೆ ಶೇ 31 ತುಟ್ಟಿಭತ್ಯೆಯನ್ನು ಮತ್ತು ಶೇ 27.5 ಫಿಟ್‌ಮೆಂಟ್ ಅನ್ನು ಸೇರಿಸಿದರು. ಎರಡೂ ಕೂಡಿ ಶೇ 58.5. ಹಾಗಾಗಿ 17,000 ಹೋಗಿ 27,000 ಆಯಿತು. ಇಲ್ಲಿ ಒಂದು ಸೂಕ್ಷ್ಮ ಇದೆ. ಹೊರಗಿನವರಿಗೆ ಇದು ಹತ್ತು ಸಾವಿರದ ಏರಿಕೆಯಂತೆ ಕಾಣುತ್ತದೆ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು, ಬೆಲೆ ಏರಿಕೆಗಾಗಿ ಮೊದಲೇ ಕೊಡುತ್ತಿದ್ದ ಭತ್ಯೆಯೇ ಮೂಲ ವೇತನದೊಳಗೆ ಬಂದು ಕೂತದ್ದು. ನಿಜವಾದ ಏರಿಕೆ ಶೇ 27.5ರ ಭಾಗ ಮಾತ್ರ. ಅದರಲ್ಲೂ ಶೇ 17ರಷ್ಟನ್ನು 2023ರ ಏಪ್ರಿಲ್‌ನಿಂದಲೇ ಮಧ್ಯಂತರ ಪರಿಹಾರವಾಗಿ ಕೊಡುತ್ತಿದ್ದರು.

ನಮ್ಮ ಸರ್ ಅವರ ಹುದ್ದೆಗೆ ಹೊಸ ವೇತನ ಶ್ರೇಣಿ 34,100ರಿಂದ 67,600. ಹೊಸದಾಗಿ ಸೇರುವವರೊಬ್ಬರ ಲೆಕ್ಕ ಹಾಕೋಣ. ಮೂಲ ವೇತನ 34,100. 2025ರ ಜನವರಿಯಿಂದ ಅನ್ವಯವಾದ ಶೇ 12.25ರ ತುಟ್ಟಿಭತ್ಯೆ 4,177. ನಮ್ಮಂಥ ಊರಿಗೆ ಮನೆ ಬಾಡಿಗೆ ಭತ್ಯೆ ಶೇ 7.5, ಅಂದರೆ ಸುಮಾರು 2,557. ಒಟ್ಟು 40,800ರ ಆಸುಪಾಸು. ಇದರಲ್ಲಿ ಎನ್‌ಪಿಎಸ್‌ಗೆ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ 10 ಹೋಗುತ್ತದೆ. ಸರ್ಕಾರ ತನ್ನ ಪಾಲಾಗಿ ಶೇ 14 ಹಾಕುತ್ತದೆ. ವೃತ್ತಿ ತೆರಿಗೆ, ಕೆಜಿಐಡಿ ವಿಮೆಯ ಕಂತು ಕಳೆಯಬೇಕು.

ಅದೇ ತಂತ್ರಾಂಶ, ಅದೇ ಅರ್ಜಿ, ಅದೇ ಸಾಲು. ಅವರ ಟೇಬಲ್ಲಿನಲ್ಲಿ 40,800, ನನ್ನ ಟೇಬಲ್ಲಿನಲ್ಲಿ 16,000. ಸಹಿ ಹಾಕುವ ಅಧಿಕಾರ ಮತ್ತು ಜವಾಬ್ದಾರಿ ಅವರದು, ನಿಜ. ತಪ್ಪಾದರೆ ಅಮಾನತಾಗುವವರು ಅವರೇ. ಅದಕ್ಕೊಂದು ಬೆಲೆ ಇರಲೇಬೇಕು. ಆದರೆ ಎರಡೂವರೆ ಪಟ್ಟು ವ್ಯತ್ಯಾಸ ಬರೀ ಆ ಸಹಿಯದ್ದೇ?

ಆ ಲೆಕ್ಕದಲ್ಲಿ ಅಮ್ಮ ಇಲ್ಲ

ಕನಿಷ್ಠ ವೇತನ ಎಷ್ಟಿರಬೇಕು ಎಂಬುದಕ್ಕೆ ನಮ್ಮ ದೇಶದಲ್ಲಿ ಹಳೆಯದೊಂದು ಅಳತೆ ಇದೆ. 1957ರ ಹದಿನೈದನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಒಪ್ಪಿತು. ಪೋಷಣಾ ವಿಜ್ಞಾನಿ ವಾಲೇಸ್ ಆಕ್ರಾಯ್ಡ್ ಹೇಳಿದ ಆಹಾರದ ಪ್ರಮಾಣ ಅದರ ಬುಡ. ದುಡಿಯುವವನು 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಒಟ್ಟು ಮೂರು ಘಟಕ. ಒಂದು ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ-ದೀಪದಂಥ ಖರ್ಚಿಗೆ ಶೇ 20. 1991ರಲ್ಲಿ ಸುಪ್ರೀಂ ಕೋರ್ಟ್ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಶಿಕ್ಷಣ, ವೈದ್ಯಕೀಯ, ಮದುವೆ, ವೃದ್ಧಾಪ್ಯದಂಥವುಗಳಿಗೆ ಶೇ 25 ಸೇರಬೇಕು ಎಂದಿತು. ಕೇಂದ್ರದ ಏಳನೇ ವೇತನ ಆಯೋಗ 18,000 ರೂಪಾಯಿಯ ಕನಿಷ್ಠ ವೇತನ ನಿಗದಿ ಮಾಡುವಾಗಲೂ ಇದೇ ದಾರಿ ಹಿಡಿದಿತ್ತು.

ಒಂದು ರಾತ್ರಿ ಅಮ್ಮನನ್ನು ಕೂರಿಸಿಕೊಂಡು ನಮ್ಮ ಮನೆಗೆ ಈ ಲೆಕ್ಕ ಹಾಕಲು ಹೊರಟೆ. ಅಕ್ಕಿ, ರಾಗಿ, ತೊಗರಿಬೇಳೆ, ಎಣ್ಣೆ, ಹಾಲು ಎಂದು ಬರೆಯುತ್ತಾ ಹೋದೆ. ಅಮ್ಮ ಕೇಳಿದರು: 'ಇದ್ರಾಗೆ ನಾನು ಎಷ್ಟು ಪಾಲು?'

ಉತ್ತರ ಹೇಳಲು ನಾಲಿಗೆ ಬರಲಿಲ್ಲ. ಆ ಸೂತ್ರದಲ್ಲಿ ದುಡಿಯುವವನಿಗೆ ಹೆಂಡತಿ, ಮಕ್ಕಳಿದ್ದಾರೆ. ವಯಸ್ಸಾದ ತಾಯಿ ಇಲ್ಲ. ದುಡಿಯುವ ಮಗಳೂ ಇಲ್ಲ. ನನ್ನಂಥ ಎಷ್ಟೋ ಹುಡುಗಿಯರು ಮದುವೆಗೆ ಮೊದಲೇ ಮನೆಯ ಯಜಮಾನಿಕೆ ಹೊತ್ತಿದ್ದಾರೆ ಎಂಬುದನ್ನು 1957ರಲ್ಲಿ ಯಾರೂ ಊಹಿಸಿರಲಿಲ್ಲವೇನೋ.

ಅಕ್ಕನ ಪಾಠ

ಪೌರಕಾರ್ಮಿಕ ಅಕ್ಕ ನಮ್ಮ ಕಚೇರಿಯ ಮೂರನೇ ಸಂಬಳ. ಹದಿನಾಲ್ಕು ವರ್ಷದಿಂದ ಅದೇ ವಾರ್ಡಿನ ಬೀದಿಗಳನ್ನು ಗುಡಿಸುತ್ತಿದ್ದಾರೆ. ಮೊದಲ ವರ್ಷಗಳಲ್ಲಿ ಗುತ್ತಿಗೆದಾರನ ಕೆಳಗೆ. 'ಸಹಿ ಒಂದ್ ಮೊತ್ತಕ್ಕೆ, ಕೈಗೆ ಕೊಡೋದು ಇನ್ನೊಂದ್ ಮೊತ್ತ. ಕೇಳಿದ್ರೆ ನಾಳೆಯಿಂದ ಬರ್ಬೇಡ ಅನ್ನೋರು' ಎಂದು ಅವರು ನಗುತ್ತಲೇ ಹೇಳುತ್ತಿದ್ದರು.

ಪೌರಕಾರ್ಮಿಕರ ಹೋರಾಟದ ಕಥೆ ದೊಡ್ಡದು. ಎಪ್ಪತ್ತರ ದಶಕದಲ್ಲೇ ಐ.ಪಿ.ಡಿ. ಸಾಲಪ್ಪ ಸಮಿತಿ 500 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕರಿರಬೇಕು ಎಂದು ಹೇಳಿತ್ತು. ಆಮೇಲೆ ಅದು 700ಕ್ಕೆ ಒಬ್ಬರು ಎಂದಾಯಿತು. 2017ರಲ್ಲಿ ಗುತ್ತಿಗೆ ಪದ್ಧತಿ ಕೈಬಿಟ್ಟು, ನಗರ ಸಂಸ್ಥೆಗಳೇ ನೇರವಾಗಿ ಬ್ಯಾಂಕ್ ಖಾತೆಗೆ ವೇತನ ಹಾಕುವ 'ನೇರ ಪಾವತಿ' ಕ್ರಮ ಬಂತು. 2022ರ ಜುಲೈ ಮೊದಲ ವಾರ ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಧರಣಿ ಕೂತರು. ಆಗ 11,133 ಮಂದಿಯನ್ನು ಕಾಯಂ ಮಾಡುವುದಾಗಿ ಅಂದಿನ ಸರ್ಕಾರ ಪ್ರಕಟಿಸಿತು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ನೇಮಕಾತಿ ಪತ್ರ ಸಿಕ್ಕಿತು.

ನಮ್ಮ ಅಕ್ಕ ಕಾಯಂ ಆದವರಲ್ಲಿ ಒಬ್ಬರು. ಹೊಸ ಶ್ರೇಣಿಯಲ್ಲಿ ಅವರ ಮೂಲ ವೇತನವೇ 27,000ದಿಂದ ಆರಂಭ. ಅವರ ಓರಗಿತ್ತಿ ಪಕ್ಕದ ಬೀದಿ ಗುಡಿಸುತ್ತಾರೆ, ಇನ್ನೂ ನೇರ ಪಾವತಿಯಲ್ಲೇ ಇದ್ದಾರೆ, ಸಂಬಳ ಬಹಳ ಕಡಿಮೆ. ಒಂದೇ ಮನೆ, ಒಂದೇ ಪೊರಕೆ, ಎರಡು ದರ.

ಅಕ್ಕನ ಸಂಬಳ ಕೇಳಿ ನನ್ನ ಕಾಲೇಜು ಗೆಳತಿಯೊಬ್ಬಳು, 'ಬಿ.ಕಾಂ. ಮಾಡಿದ ನಿನಗಿಂತ ಕಸ ಗುಡಿಸೋರಿಗೇ ಜಾಸ್ತಿಯಲ್ಲೇ!' ಎಂದು ನಕ್ಕಳು. ನನಗೂ ಮೊದಲು ಹಾಗೇ ಅನಿಸಿತ್ತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಬೆಳಿಗ್ಗೆ ಆರಕ್ಕೆ ಸಂತೆ ಮೈದಾನದ ಕೊಳೆತ ತರಕಾರಿ ರಾಶಿಯ ನಡುವೆ ಅವರನ್ನು ನೋಡಿದ ಮೇಲೆ ಆ ಮಾತು ಆಡಲಾಗಲಿಲ್ಲ. ಅವರ ಸಂಬಳ ಜಾಸ್ತಿಯಾಗಿರಲಿಲ್ಲ, ನನ್ನದು ಕಡಿಮೆಯಾಗಿತ್ತು. ಕೆಳಗಿನವರಿಗೆ ಸಿಕ್ಕಿದ್ದನ್ನು ನೋಡಿ ಹೊಟ್ಟೆ ಉರಿದುಕೊಂಡರೆ ನನ್ನ ಹೊಟ್ಟೆಗೆ ಏನೂ ಬೀಳುವುದಿಲ್ಲ.

ಪಿಎಫ್ ವಿಷಯ ತಿಳಿದಾಗ ದಾರಿ ತೋರಿಸಿದ್ದೂ ಅಕ್ಕನೇ. 'ಒಬ್ಬಳೇ ಹೋಗ್ಬೇಡ ಮಗಾ. ಎಲ್ರೂ ಹೋಗಿ. ಬರ್ದು ಕೊಡಿ. ಸೀಲ್ ಹಾಕಿಸ್ಕೊಳ್ಳಿ.'

ಎಂಟು ಸಹಿಗಳು

ಎಂಟು ಜನ ಸೇರಿ ಅರ್ಜಿ ಬರೆದೆವು. ಆಗ ಜಾರಿಯಲ್ಲಿದ್ದ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ ಪ್ರಕಾರ ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ಮಾಲೀಕ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯೇ, ಅದನ್ನು ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಪಿಎಫ್ ಕಟ್ಟಿಸುವ ಹೊಣೆಯೂ ಕೊನೆಗೆ ಮೂಲ ಮಾಲೀಕನ ಮೇಲೇ ಇದೆ. ಅದನ್ನೇ ಬರೆದೆವು. ಪಟ್ಟಿಯಲ್ಲಿ ಮೊದಲ ಸಹಿ ಯಾರದ್ದು ಎಂಬಲ್ಲಿ ಎಲ್ಲರೂ ಸುಮ್ಮನಾದರು. ನಾನು ಹಾಕಿದೆ. ಕೈ ನಡುಗಿದ್ದು ಸುಳ್ಳಲ್ಲ.

ಮರುದಿನವೇ ಏಜೆನ್ಸಿಯ ಮೇಲ್ವಿಚಾರಕ ಫೋನ್ ಮಾಡಿದ. 'ಮುಂದಿನ ಟೆಂಡರ್‌ನಲ್ಲಿ ನಿಮ್ ಹೆಸ್ರು ಇರ್ಬೇಕೋ ಬೇಡ್ವೋ ಯೋಚ್ನೆ ಮಾಡಿ ಮೇಡಂ' ಎಂದ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ತಮ್ಮ, 'ನಾನು ಕಾಲೇಜು ಬಿಟ್ಟು ಕೆಲ್ಸಕ್ಕೆ ಹೋಗ್ತೀನಿ ಅಕ್ಕಾ' ಎಂದ. ಅವನ ಮೇಲೆ ರೇಗಿದೆ. ಆಮೇಲೆ ಹಿತ್ತಲಿಗೆ ಹೋಗಿ ಅತ್ತೆ.

ಪೌರಾಯುಕ್ತರು ಕಡತ ತರಿಸಿ ನೋಡಿದರು. ಏಜೆನ್ಸಿ ಪ್ರತಿ ಬಿಲ್ಲಿನ ಜೊತೆ ಒಂದು ಪಿಎಫ್ ಚಲನ್ ಲಗತ್ತಿಸಿತ್ತು. ಅದರಲ್ಲಿ ಒಟ್ಟು ಮೊತ್ತವಿತ್ತು, ಯಾರ ಖಾತೆಗೆ ಎಷ್ಟು ಎಂಬ ಪಟ್ಟಿ ಇರಲಿಲ್ಲ. ಯಾರೂ ಕೇಳಿರಲಿಲ್ಲ. ಮುಂದಿನ ಬಿಲ್ ತಡೆಹಿಡಿದರು. ಎರಡೂವರೆ ತಿಂಗಳಾದ ಮೇಲೆ ಎಂಟೂ ಜನರ ಪಾಸ್‌ಬುಕ್‌ನಲ್ಲಿ ಹಳೆಯ ಬಾಕಿ ಬಂತು. ಒಂದು ಮೊತ್ತ ತಡೆಹಿಡಿದರೆ ಸಾಕಿತ್ತು, ಅದನ್ನು ಹನ್ನೊಂದು ತಿಂಗಳು ಯಾರೂ ಮಾಡಿರಲಿಲ್ಲ.

'ನಿಮ್ಮನ್ನ ಕಾಯಂ ಮಾಡಿದ್ರೆ ನಮ್ ಗತಿ?'

ಇದನ್ನೆಲ್ಲ ನಗರ ಗ್ರಂಥಾಲಯದಲ್ಲಿ ನನ್ನ ಜೊತೆ ಓದುತ್ತಿದ್ದ ಗೆಳೆಯನಿಗೆ ಹೇಳಿದೆ. ನಾಲ್ಕು ವರ್ಷದಿಂದ ಪರೀಕ್ಷೆ ಬರೆಯುತ್ತಿರುವವನು. ಅವನು ಮುಖ ಗಂಟಿಕ್ಕಿ ಕೇಳಿದ: 'ಹೊರಗುತ್ತಿಗೆಯವ್ರನ್ನೆಲ್ಲ ಕಾಯಂ ಮಾಡಿದ್ರೆ ಓದಿ ಪರೀಕ್ಷೆ ಬರೆಯೋ ನಮ್ ಗತಿ ಏನು?'

ಅವನ ಪ್ರಶ್ನೆ ತಪ್ಪಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ ಇದನ್ನೇ ಹೇಳಿತು. ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ ಅದು. ನಿಯಮದಂತೆ ಸ್ಪರ್ಧೆಯಿಲ್ಲದೆ ಸೇರಿದವರು ಕಾಯಂ ಮಾಡಿ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷಕ್ಕೂ ಹೆಚ್ಚು ದುಡಿದವರನ್ನು ಒಂದು ಬಾರಿಗೆ ಮಾತ್ರ ಪರಿಗಣಿಸಬಹುದು ಎಂದಿತು. ಅದೇ ಕೋರ್ಟ್ 2016ರ ಅಕ್ಟೋಬರ್‌ನಲ್ಲಿ, ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ಪ್ರಕರಣದಲ್ಲಿ, ಕಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನವನ್ನಾದರೂ ಕೊಡಬೇಕು ಎಂದಿತು.

ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದಾಗ ನನಗೆ ತಿಳಿದದ್ದು ಇಷ್ಟು: ಹುದ್ದೆಗೆ ಸ್ಪರ್ಧೆ ಇರಲಿ, ಕೆಲಸಕ್ಕೆ ಕೂಲಿ ಇರಲಿ. ಮೊದಲನೆಯದು ನನ್ನ ಗೆಳೆಯನ ಹಕ್ಕು, ಎರಡನೆಯದು ನನ್ನ ಹಕ್ಕು. ನಾವಿಬ್ಬರೂ ಎದುರಾಳಿಗಳಲ್ಲ. ಖಾಲಿ ಹುದ್ದೆ ತುಂಬದೆ ಅಗ್ಗದಲ್ಲಿ ಕೆಲಸ ಸಾಗಿಸಿದರೆ ಅವನಿಗೆ ಹುದ್ದೆಯೂ ಇಲ್ಲ, ನನಗೆ ಸಂಬಳವೂ ಇಲ್ಲ. ಆದರೆ 'ಸಮಾನ ಕೆಲಸಕ್ಕೆ ಸಮಾನ ವೇತನ' ಏಜೆನ್ಸಿ ಮೂಲಕ ಬಂದ ನಮಗೆ ಸುಲಭಕ್ಕೆ ದಕ್ಕುವುದಿಲ್ಲ. ಕಾಗದದ ಮೇಲೆ ನಮ್ಮ ಮಾಲೀಕ ನಗರಸಭೆಯಲ್ಲವಲ್ಲ!

ದುಡ್ಡು ಎಲ್ಲಿಂದ?

'ಎಲ್ಲರಿಗೂ ಜಾಸ್ತಿ ಕೊಡಿ ಅನ್ನೋದು ಸುಲಭ, ದುಡ್ಡೆಲ್ಲಿ?' ಎಂದು ಲೆಕ್ಕಪತ್ರ ಶಾಖೆಯವರು ಕೇಳುತ್ತಿದ್ದರು. ಅದೂ ಸರಿಯಾದ ಪ್ರಶ್ನೆಯೇ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರ ಸಂಸ್ಥೆಗಳನ್ನು ಸ್ಥಳೀಯ ಸರ್ಕಾರಗಳೆಂದು ಗುರುತಿಸಿತು. ಆದರೆ ನಮ್ಮ ಕಾಯಂ ನೌಕರರ ವೇತನ ಶ್ರೇಣಿ ನಿರ್ಧಾರವಾಗುವುದು ರಾಜ್ಯ ಮಟ್ಟದಲ್ಲಿ. ನಮ್ಮ ನಗರಸಭೆಯಲ್ಲಿ ಅವರ ಸಂಬಳ ಬರುತ್ತಿದ್ದದ್ದು ರಾಜ್ಯ ಹಣಕಾಸು ಆಯೋಗದ ವೇತನ ಅನುದಾನದಿಂದ. ಹೊರಗುತ್ತಿಗೆಯವರ ಬಿಲ್ ಮಾತ್ರ ಸ್ವಂತ ನಿಧಿಯಿಂದ: ಆಸ್ತಿ ತೆರಿಗೆ, ನೀರಿನ ಕಂದಾಯ, ಮಳಿಗೆ ಬಾಡಿಗೆ. ತೆರಿಗೆ ವಸೂಲಿ ಚೆನ್ನಾಗಿದ್ದ ತಿಂಗಳು ನಮ್ಮ ಸಂಬಳ ಬೇಗ, ಇಲ್ಲದಿದ್ದರೆ ತಡ.

ದೊಡ್ಡ ಊರುಗಳಲ್ಲೂ ಇದೇ ಜಗ್ಗಾಟ. 2025ರ ಜುಲೈನಲ್ಲಿ ಮಹಾನಗರ ಪಾಲಿಕೆಗಳ ನೌಕರರು ಮುಷ್ಕರಕ್ಕಿಳಿದಾಗ, ಏಳನೇ ವೇತನ ಆಯೋಗದ ಹೊರೆಯನ್ನು ರಾಜ್ಯವೇ ಹೊರಬೇಕು ಎಂಬುದೂ ಅವರ ಬೇಡಿಕೆಗಳಲ್ಲಿತ್ತು. ದರ ನಿಗದಿ ಮಾಡುವವರು ಒಬ್ಬರು, ಕೊಡಬೇಕಾದವರು ಇನ್ನೊಬ್ಬರು ಆದಾಗ ಇಂಥದ್ದು ಆಗುತ್ತದೆ. ಅಂದು ಕೌಂಟರ್ ಬಡಿದ ಹಿರಿಯರು ಹೇಳಿದ್ದು ನನ್ನ ವಿಷಯದಲ್ಲಂತೂ ನೂರಕ್ಕೆ ನೂರು ನಿಜವಾಗಿತ್ತು.

ಪೈಪೋಟಿಯ ಸಂಬಳ ಎಂಬುದೂ ಎಲ್ಲರಿಗೂ ಒಂದೇ ಅಲ್ಲ. ಕೇಂದ್ರದ ಏಳನೇ ವೇತನ ಆಯೋಗಕ್ಕಾಗಿ ಅಹಮದಾಬಾದ್‌ನ ಐಐಎಂ ಮಾಡಿದ ಅಧ್ಯಯನದಲ್ಲಿ, ಸರ್ಕಾರದ ಅತಿ ಕೆಳಗಿನ ಹುದ್ದೆಯ ಸಹಾಯಕನಿಗೆ ಒಟ್ಟು 22,579 ರೂಪಾಯಿ ಸಿಗುತ್ತಿದ್ದರೆ ಖಾಸಗಿಯಲ್ಲಿ ಅಂಥ ಕೆಲಸಕ್ಕೆ 8,000ದಿಂದ 9,500 ಸಿಗುತ್ತಿತ್ತು. ಇದನ್ನು ತೋರಿಸಿ 'ಸರ್ಕಾರ ಜಾಸ್ತಿ ಕೊಡುತ್ತಿದೆ' ಎನ್ನುವವರಿದ್ದಾರೆ. ಎಂಟು ಸಾವಿರದಲ್ಲಿ ಒಂದು ಸಂಸಾರ ನಡೆಯುತ್ತದೆಯೇ ಎಂದು ಅವರು ಹೇಳುವುದಿಲ್ಲ. ಮಾರುಕಟ್ಟೆ ದರವನ್ನೇ ನ್ಯಾಯದ ದರ ಎಂದುಕೊಂಡರೆ ಏಜೆನ್ಸಿಗಳು ಬೇಕಾಗುತ್ತವೆ, ಆಯೋಗಗಳು ಬೇಡವಾಗುತ್ತವೆ.

ಮೇಲಿನ ಹುದ್ದೆಗಳ ಕಥೆ ಬೇರೆ. ಸಹಾಯಕ ಎಂಜಿನಿಯರ್‌ಗೆ ಆರಂಭದ ಮೂಲ ವೇತನ 69,250. ಹೊಸದಾಗಿ ಪದವಿ ಮುಗಿಸಿದವರಿಗೆ ಇದು ಒಳ್ಳೆಯ ಸಂಬಳವೇ. ಆದರೆ ನಕ್ಷೆ, ತಂತ್ರಾಂಶ, ಹಣಕಾಸು ಬಲ್ಲ ಅನುಭವಿಗಳನ್ನು ಹಿಡಿದಿಡುವುದು ಕಷ್ಟ. ಊರಿನ ಲೆಕ್ಕವೂ ಬರಬೇಕು. ಮನೆ ಬಾಡಿಗೆ ಭತ್ಯೆ ಬೆಂಗಳೂರಿನಲ್ಲಿ ಶೇ 20. ದ್ವಿತೀಯ ದರ್ಜೆ ಸಹಾಯಕರ ಆರಂಭದ ವೇತನಕ್ಕೆ ಅದು 6,820 ರೂಪಾಯಿ. ಆ ದುಡ್ಡಿಗೆ ಬೆಂಗಳೂರಿನಲ್ಲಿ ಸಂಸಾರಕ್ಕೆ ಮನೆ ಹುಡುಕಿ ನೋಡಿ!

ನಾನು ಬಿಟ್ಟು ಬಂದೆ

2025ರ ಆರಂಭದಲ್ಲಿ ಬಿ ಖಾತಾ ಅಭಿಯಾನ ಬಂತು. ಮೂರು ತಿಂಗಳು ರಾತ್ರಿ ಎಂಟರವರೆಗೆ ಕೂತೆವು. ಹೆಚ್ಚುವರಿ ದುಡಿಮೆಗೆ ಒಂದು ರೂಪಾಯಿಯೂ ಸೇರಲಿಲ್ಲ. ಹೊಸ ಟೆಂಡರ್‌ನಲ್ಲಿ ನನ್ನ ಹೆಸರು ಉಳಿದಿತ್ತು, ಸಂಬಳವೂ ಹಾಗೇ ಉಳಿದಿತ್ತು. ಜೂನ್‌ನಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿತು, 24,000 ರೂಪಾಯಿ. ಪಿ.ಜಿ. ಬಾಡಿಗೆ, ಊಟ, ಬಸ್ಸು ಕಳೆದರೆ ಉಳಿಯುವುದು ಹಿಂದಿನದಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ಸಂಬಳ ಒಂದನೇ ತಾರೀಖಿಗೆ ಬರುತ್ತದೆ, ವೇತನ ಚೀಟಿ ಕೊಡುತ್ತಾರೆ, ಪಾಸ್‌ಬುಕ್ ಪ್ರತಿ ತಿಂಗಳು ತುಂಬುತ್ತದೆ. ಹೊರಟ ದಿನ ಪಕ್ಕದ ಟೇಬಲ್ಲಿನ ಸರ್, 'ಒಳ್ಳೇದಾಯ್ತಮ್ಮಾ, ಆದ್ರೆ ಈ ಕೆಲ್ಸ ನಿನ್ನಷ್ಟು ಗೊತ್ತಿರೋರು ಇನ್ಯಾರಿದ್ದಾರೆ?' ಎಂದರು.

ಪರೀಕ್ಷೆಗೆ ಓದುವುದನ್ನು ಬಿಟ್ಟಿಲ್ಲ. ಆದರೆ ಈಗ ಅಧಿಸೂಚನೆ ಓದುವ ರೀತಿ ಬದಲಾಗಿದೆ. ಕೆಲಸ ಹುಡುಕುತ್ತಿರುವ ಗೆಳೆಯ-ಗೆಳತಿಯರಿಗೂ ಅದನ್ನೇ ಹೇಳುತ್ತೇನೆ. 'ಸರ್ಕಾರಿ ಕಚೇರಿಯಲ್ಲಿ ಕೆಲಸ' ಮತ್ತು 'ಸರ್ಕಾರಿ ಕೆಲಸ' ಬೇರೆ ಬೇರೆ. ನೇಮಕಾತಿ ಪತ್ರದಲ್ಲಿ ಮಾಲೀಕರ ಹೆಸರು ಯಾರದ್ದಿದೆ ನೋಡಿ. ಒಟ್ಟು ಸಂಬಳ ಎಷ್ಟು, ಕೈಗೆ ಎಷ್ಟು ಎಂದು ಸೇರುವ ಮೊದಲೇ ಕೇಳಿ. ಮೊದಲ ತಿಂಗಳೇ ವೇತನ ಚೀಟಿ ಕೇಳಿ. ಮೂರನೇ ತಿಂಗಳೊಳಗೆ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ಇಎಸ್‌ಐ ಕಾರ್ಡ್ ಮಾಡಿಸಿಕೊಳ್ಳಿ. ತಪ್ಪು ಕಂಡರೆ ಒಬ್ಬರೇ ಹೋಗಬೇಡಿ.

ನನ್ನ ಜಾಗಕ್ಕೆ ಬಂದಿರುವ ಹುಡುಗಿಗೆ ತರಬೇತಿ ಕೊಡುವವರು ಯಾರೂ ಇರಲಿಲ್ಲ. ನನ್ನ ನಂಬರ್ ಹೇಗೋ ಸಂಪಾದಿಸಿದ್ದಾಳೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬರುತ್ತದೆ. 'ಅಕ್ಕಾ, ಇಲ್ಲಿ ಚೆಕ್ಕುಬಂದಿ ಕಾಲಂ ತಗೊಳ್ತಾ ಇಲ್ಲ, ಏನ್ ಮಾಡ್ಲಿ? ಸಾಲು ಬಾಗಿಲವರೆಗೆ ಐತೆ.' ನಾನು ತುತ್ತು ಕೆಳಗಿಟ್ಟು ಹೇಳಿಕೊಡುತ್ತೇನೆ. ಮೊನ್ನೆ ಕೆಲಸ ಮುಗಿದ ಮೇಲೆ ಅವಳು ಫೋನ್ ಇಡಲು ಹೊರಟಾಗ ತಡೆದು ಕೇಳಿದೆ: 'ಪಾಸ್‌ಬುಕ್ ನೋಡಿದ್ಯಾ?'

'ಯಾವ ಪಾಸ್‌ಬುಕ್ ಅಕ್ಕಾ?' ಎಂದಳು.

ಪೆನ್ನು-ಕಾಗದ ತಗೊ ಎಂದೆ.